ನೋಡಿಕೊಂಡು ಬರುವವರು

ಅರಸೀಕೆರೆ, ಬೇಲೂರು, ಹಳೇಬೀಡು ಕಡೆಯ ಹಳ್ಳಿಯಲ್ಲಿ ಯಾರಿಗಾದರೂ ಎದೆನೋವು ಬಂದು ಹಾಸನಕ್ಕೆ ಒಯ್ದರು, ಐಸಿಯುಗೆ ಹಾಕಿದರು ಎಂಬ ಸುದ್ದಿ ತಲುಪಿದರೆ ಮಾರನೆಯ ಬೆಳಿಗ್ಗೆಯೇ ಜನ ಹೊರಡುತ್ತಾರೆ. ಅಣ್ಣತಮ್ಮಂದಿರು, ಬೀಗರು, ಪಕ್ಕದ ಹೊಲದವರು, ಡೇರಿಗೆ ಹಾಲು ಹಾಕುವಾಗ ದಿನವೂ ಎದುರಾಗುವವರು. ಕೈಯಲ್ಲಿ ಎಳನೀರು, ಬ್ರೆಡ್ಡು, ಮೂಸಂಬಿ. ಆಸ್ಪತ್ರೆ ಮುಟ್ಟಿದ ಮೇಲೆ ಅವರಿಗೆ ಕಾಣುವುದು ಮುಚ್ಚಿದ ಬಾಗಿಲು, ಪಾಸು ಕೇಳುವ ಕಾವಲುಗಾರ, ಬೆಳಿಗ್ಗೆ ಇಷ್ಟು ಹೊತ್ತು ಸಂಜೆ ಇಷ್ಟು ಹೊತ್ತು ಒಬ್ಬರಿಗೆ ಮಾತ್ರ ಎಂಬ ಬೋರ್ಡು. ಒಬ್ಬರು ಒಳಗೆ ಹೋಗಿ ಐದು ನಿಮಿಷದಲ್ಲಿ ಹೊರಬಂದು ಕಂಡದ್ದನ್ನು ಹೇಳುತ್ತಾರೆ. ಉಳಿದವರು ಕಾರಿಡಾರಿನಲ್ಲಿ ಕುಳಿತು ಕೇಳಿಸಿಕೊಂಡು, ರೋಗಿಯ ಹೆಂಡತಿಯ ಕೈಗೆ ನೂರೋ ಇನ್ನೂರೋ ತುರುಕಿ, ಸಂಜೆಯ ಬಸ್ಸಿಗೆ ಊರಿಗೆ ಮರಳುತ್ತಾರೆ. ಓದಿದವರಲ್ಲಿ ಹಲವರು ಇದನ್ನು ನೋಡಿ, ಬಾಗಿಲು ವಿಜ್ಞಾನದ್ದು, ಬಾಗಿಲ ಹೊರಗಿನ ಗುಂಪು ಹಳ್ಳಿಗರ ತಿಳಿಗೇಡಿತನದ್ದು ಎಂದು ತೀರ್ಮಾನಿಸಿಬಿಡುತ್ತಾರೆ. ಈ ತೀರ್ಮಾನವನ್ನು ಈ ಸೀಮೆಯ ಇತಿಹಾಸವೇ ಅಲ್ಲಗಳೆಯುತ್ತದೆ ಎಂಬುದು ನನ್ನ ವಾದ. ಇಲ್ಲಿ ಆಸ್ಪತ್ರೆ ಬೇರು ಬಿಟ್ಟದ್ದು ರೋಗಿಯ ಜೊತೆ ಅವನ ಜನರನ್ನೂ ಒಳಗೆ ಕರೆದುಕೊಂಡಾಗ. ಅವರನ್ನು ಹೊರಗಿಟ್ಟಾಗ ಜನ ರೋಗಿಯನ್ನೇ ಆಸ್ಪತ್ರೆಯಿಂದ ಬಚ್ಚಿಟ್ಟರು.

ಹಿಂದಿನ ಕಾಲದಲ್ಲಿ ಆಸ್ಪತ್ರೆ ಯಾರಿಗಾಗಿ ಇತ್ತು ಎಂಬ ಪ್ರಶ್ನೆಯಿಂದ ಶುರುಮಾಡಬೇಕು. ಕರ್ನಾಟಕದಲ್ಲಿ ಇದಕ್ಕೆ ಸಿಗುವ ಸ್ಪಷ್ಟ ದಾಖಲೆ ಬಳ್ಳಿಗಾವಿಯ ಕೋಡಿಮಠದ 1162ರ ಶಾಸನ. ಆ ಮಠದ ಕೆಲಸಗಳನ್ನು ವರ್ಣಿಸುವಾಗ ಶಾಸನ ವಿದ್ಯೆಯನ್ನು ಹೇಳುತ್ತದೆ, ದೀನರಿಗೂ ಕುರುಡರಿಗೂ ಕುಂಟರಿಗೂ ಅನ್ನ ಹಾಕುವುದನ್ನು ಹೇಳುತ್ತದೆ, ಜೊತೆಗೆ ಅದು ಅನಾಥ ರೋಗಿಗಳಿಗೆ ಔಷಧ ಸಿಗುವ ಸ್ಥಳ ಎನ್ನುತ್ತದೆ. ಗಮನಿಸಬೇಕಾದ್ದು ಆ ಅನಾಥರನ್ನು. ತಮಿಳುನಾಡಿನ ತಿರುಮುಕ್ಕೂಡಲಿನ ಚೋಳ ಶಾಸನ ಇದಕ್ಕಿಂತ ಸುಮಾರು ಒಂದು ಶತಮಾನ ಹಿಂದಿನದು. ಅಲ್ಲಿನ ಆಸ್ಪತ್ರೆಗೆ 15 ಹಾಸಿಗೆ, ಒಬ್ಬ ವೈದ್ಯ, ಒಬ್ಬ ಶಸ್ತ್ರವೈದ್ಯ, ಮೂಲಿಕೆ ತರುವವರು, ಶುಶ್ರೂಷೆಗೆ ಇಬ್ಬರು ಹೆಂಗಸರು, ಒಬ್ಬ ಕ್ಷೌರಿಕ ಎಂದು ಸಂಬಳ ಸಮೇತ ಲೆಕ್ಕವಿದೆ. ಅದು ವೇದಪಾಠಶಾಲೆಯ ವಿದ್ಯಾರ್ಥಿಗಳಿಗೆ, ದೇವಸ್ಥಾನದ ನೌಕರರಿಗೆ, ಅಂದರೆ ಮನೆಯಿಂದ ದೂರ ಇದ್ದವರಿಗೆ. ಸಂಬಳಕ್ಕೆ ಶುಶ್ರೂಷಕಿಯರನ್ನು ಇಡಬೇಕಾಗಿ ಬಂದದ್ದೂ ಅದಕ್ಕೇ. ಮನೆಮಂದಿ ಇದ್ದವರು ಕಾಯಿಲೆ ಬಿದ್ದರೆ ಮನೆಯಲ್ಲೇ ಮಲಗುತ್ತಿದ್ದರು, ವೈದ್ಯನೇ ಅಲ್ಲಿಗೆ ಬರುತ್ತಿದ್ದ. ಚರಕಸಂಹಿತೆ ಚಿಕಿತ್ಸೆಗೆ ನಾಲ್ಕು ಕಾಲುಗಳನ್ನು ಹೇಳುತ್ತದೆ: ವೈದ್ಯ, ಔಷಧ, ಆರೈಕೆ ಮಾಡುವವನು, ರೋಗಿ. ಆರೈಕೆ ಮಾಡುವವನಿಗೆ ಇರಬೇಕಾದ ಗುಣಗಳಲ್ಲಿ ಕೆಲಸದ ತಿಳಿವಳಿಕೆ, ಚಾಕಚಕ್ಯತೆ, ಶುಚಿತ್ವಗಳ ಜೊತೆಗೆ ರೋಗಿಯ ಮೇಲಿನ ಪ್ರೀತಿಯನ್ನೂ ಎಣಿಸುತ್ತದೆ. ಅದೇ ಗ್ರಂಥ ಸಿರಿವಂತನ ಚಿಕಿತ್ಸಾಗೃಹವನ್ನು ಸಜ್ಜುಗೊಳಿಸುವ ಬಗೆ ಹೇಳುವಾಗ ಮದ್ದು ಪಾತ್ರೆಗಳ ಪಟ್ಟಿಯಲ್ಲೇ ಹಾಡು ಬಲ್ಲವರನ್ನೂ ಕಥೆ ಹೇಳಬಲ್ಲವರನ್ನೂ ಸೇರಿಸುತ್ತದೆ. ಪಕ್ಕದಲ್ಲಿ ಕುಳಿತು ಮಾತಾಡುವವರು ಚಿಕಿತ್ಸೆಯ ಒಂದು ಭಾಗ ಎಂಬ ತಿಳಿವು ಹಳ್ಳಿಗರ ಕಟ್ಟುಪಾಡಾಗಿ ಮಾತ್ರ ಉಳಿದದ್ದಲ್ಲ, ನಮ್ಮ ವೈದ್ಯಶಾಸ್ತ್ರವೇ ಅದನ್ನು ಬರೆದಿಟ್ಟಿತ್ತು.

ಹೊಯ್ಸಳರ ನಾಡಿನಲ್ಲಿ, ಅದೂ ಬೇಲೂರಿನ ಚೆನ್ನಕೇಶವ ದೇವಾಲಯ ಎದ್ದ ಕಾಲಕ್ಕೇ, ಕೊನೆಗಾಲದ ಹಾಸಿಗೆಯ ಬಳಿ ಜನ ಸೇರುವುದಕ್ಕೆ ಎಷ್ಟು ಬೆಲೆ ಇತ್ತು ಎಂಬುದಕ್ಕೆ ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ ಸಾಕ್ಷಿ ಇದೆ. ವಿಷ್ಣುವರ್ಧನನ ರಾಣಿ ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಮಗಳ ಸಾವನ್ನು ತಾಳಲಾರದೆ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು ಸನ್ಯಸನ ಎಂಬ ಜೈನ ವ್ರತ ಹಿಡಿದು ಒಂದು ತಿಂಗಳು ಉಪವಾಸವಿದ್ದು ಸಮಾಧಿ ಹೊಂದಿದಳು ಎಂದು ಶಾಸನ ಹೇಳುತ್ತದೆ. ಆಕೆಯ ವ್ರತವನ್ನು ಹೊಗಳುವಾಗ ಶಾಸನಕಾರ ಬಂಧುಗಳನ್ನು ಬೀಳ್ಕೊಂಡ ಘನತೆಯನ್ನೂ ಬಿಡದೆ ಹೇಳಿದ್ದಾನೆ, ಗುರುಗಳ ಸನ್ನಿಧಿಯನ್ನೂ ಹೇಳಿದ್ದಾನೆ. ಲೋಕವನ್ನೇ ಬಿಡುವ ವ್ರತದಲ್ಲಿಯೂ ಬಂಧುಗಳು ಬಂದು ನೋಡಿ ಹೋಗುವುದಕ್ಕೆ ಜಾಗವಿತ್ತು. ಅದೇ ಬೆಟ್ಟದ ಬರಹಗಳಲ್ಲಿ ದಂಡನಾಯಕ ಗಂಗರಾಜನ ಹೆಂಡತಿ ಲಕ್ಷ್ಮೀಮತಿಯಂಥವರನ್ನು ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳಿಗಾಗಿ ಕೊಂಡಾಡಿದ್ದಾರೆ. ಮದ್ದು ಕೊಡುವುದನ್ನು ಅಭಯ ಕೊಡುವುದರ ಪಕ್ಕದಲ್ಲೇ ಇಟ್ಟಿದ್ದಾರೆ. ರಾಣಿಯ ತಾಯಿಗೆ, ದಂಡನಾಯಕನ ಹೆಂಡತಿಗೆ ಸಂದದ್ದು ಊರಿನ ಎಲ್ಲರಿಗೂ ಸಲ್ಲುತ್ತಿತ್ತು ಎಂದು ನಾನು ಹೇಳಲಾರೆ. ಶಾಸನಗಳು ಬಡವರ ಸಾವನ್ನು ಬರೆಯುವುದಿಲ್ಲ. ಆದರೆ ಈ ಸೀಮೆಯಲ್ಲಿ ಒಳ್ಳೆಯ ಸಾವು ಎಂದರೆ ಜನರ ನಡುವೆ ಆಗುವ ಸಾವು ಎಂಬ ಭಾವನೆ 900 ವರ್ಷ ಹಿಂದೆಯೇ ಕಲ್ಲಿನ ಮೇಲೆ ಮೂಡಿತ್ತು ಎಂಬಷ್ಟನ್ನು ಹೇಳಬಹುದು.

ಈ ಭಾವನೆಗೂ ಸರ್ಕಾರಿ ವೈದ್ಯಕ್ಕೂ ಮೊದಲ ದೊಡ್ಡ ಘರ್ಷಣೆ ಆದದ್ದು ಪ್ಲೇಗಿನ ಕಾಲದಲ್ಲಿ. ಬೆಂಗಳೂರಿನಿಂದ ತುಮಕೂರು, ತಿಪಟೂರು, ಅರಸೀಕೆರೆ ಹಾದು ಹರಿಹರದವರೆಗೆ 1889ರ ಹೊತ್ತಿಗೆ ಮೀಟರ್ ಗೇಜ್ ರೈಲು ಓಡತೊಡಗಿತ್ತು. ಕೊಬ್ಬರಿ ಸಂತೆಗೂ ಊರಿನ ಏಳಿಗೆಗೂ ಕಾರಣವಾದ ಅದೇ ಹಳಿಯ ಮೇಲೆ, ಹುಬ್ಬಳ್ಳಿ ಧಾರವಾಡದ ಕಡೆಯಿಂದ, 1898ರ ಆಗಸ್ಟಿನಲ್ಲಿ ಪ್ಲೇಗು ಬೆಂಗಳೂರಿಗೆ ಬಂದು ಮೈಸೂರು ಸಂಸ್ಥಾನವನ್ನು ಹೊಕ್ಕಿತು. ಬ್ರಿಟಿಷ್ ಭಾರತದಲ್ಲಿ 1897ರಲ್ಲೇ ಸಾಂಕ್ರಾಮಿಕ ರೋಗಗಳ ಕಾಯಿದೆ ಬಂದಾಗಿತ್ತು. ಮನೆ ಹೊಕ್ಕು ಶೋಧಿಸುವುದು, ರೋಗಿಯನ್ನು ಎಳೆದೊಯ್ದು ಬೇರೆ ಆಸ್ಪತ್ರೆಯಲ್ಲಿಡುವುದು, ಮನೆಯವರನ್ನು ಇನ್ನೊಂದು ಕ್ಯಾಂಪಿನಲ್ಲಿ ಕೂಡಿಹಾಕುವುದು ಆ ಕಾಲದ ಕ್ರಮ. ಪುಣೆಯಲ್ಲಿ ಇದರ ಕ್ರೌರ್ಯ ಎಲ್ಲಿಗೆ ಮುಟ್ಟಿತೆಂದರೆ 1897ರ ಜೂನ್ 22ರಂದು ಪ್ಲೇಗ್ ಅಧಿಕಾರಿ ರಾಂಡ್ ಮೇಲೆ ಚಾಪೇಕರ್ ಸಹೋದರರು ಗುಂಡು ಹಾರಿಸಿದರು. 1898ರ ಮಾರ್ಚಿನಲ್ಲಿ ಮುಂಬಯಿಯಲ್ಲಿ ನೇಕಾರರು ರೋಗಿಯೊಬ್ಬಳನ್ನು ಕೊಡಲೊಪ್ಪದೆ ದಂಗೆ ಎದ್ದರು. ಮೈಸೂರು ಸಂಸ್ಥಾನ ವಿ.ಪಿ. ಮಾಧವರಾವ್ ಅವರನ್ನು ಪ್ಲೇಗ್ ಕಮಿಷನರ್ ಆಗಿ ನೇಮಿಸಿ ಇಂಥದೇ ಕ್ರಮಗಳನ್ನು ಹಿಡಿಯಿತು. ಅದೇ ವರ್ಷ ಶ್ರೀರಂಗಪಟ್ಟಣದ ಪಕ್ಕದ ಗಂಜಾಂನಲ್ಲಿ ಜನ ತಿರುಗಿಬಿದ್ದರು.

ಈ ದಂಗೆಗಳನ್ನು ಮೂಢರ ಪ್ರತಿರೋಧ ಎಂದು ಬರೆದುಬಿಡುವುದು ಸುಲಭ. ಆದರೆ ಪ್ಲೇಗಿನ ಕಾಲದಲ್ಲಿ ನಮ್ಮ ಹಳ್ಳಿಗಳು ಏನನ್ನು ಒಪ್ಪಿದವು, ಏನನ್ನು ಒಪ್ಪಲಿಲ್ಲ ಎಂದು ಬಿಡಿಸಿ ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ. ಇಲಿ ಬಿದ್ದ ಕೂಡಲೇ ಊರು ಬಿಡಬೇಕು ಎಂಬುದನ್ನು ಜನ ಒಪ್ಪಿದರು. ಮೊದಲು ಸರ್ಕಾರದ ಒತ್ತಾಯಕ್ಕೆ, ಆಮೇಲೆ ತಾವಾಗಿಯೇ, ಮನೆಗೆ ಬೀಗ ಹಾಕಿ ಹೊಲದಲ್ಲಿ ಗುಡಿಸಲು ಕಟ್ಟಿ ತಿಂಗಳುಗಟ್ಟಲೆ ಇದ್ದರು. ಮಳೆ, ಚಳಿ, ಹಾವು, ಕಳ್ಳರ ಕಾಟ ಎಲ್ಲವನ್ನೂ ಸಹಿಸಿದರು. ಮೊದಮೊದಲು ಚುಚ್ಚುಮದ್ದಿಗೆ ಹೆದರಿದವರು ಕಾಲಕ್ರಮದಲ್ಲಿ ಸಾಲಾಗಿ ನಿಂತು ಹಾಕಿಸಿಕೊಂಡರು. ಹೊಸದನ್ನು, ಕಷ್ಟದ್ದನ್ನು, ವಿಜ್ಞಾನ ಹೇಳಿದ್ದನ್ನು ಒಪ್ಪಲು ಅವರಿಗೆ ಅಡ್ಡಿ ಇರಲಿಲ್ಲ. ಒಪ್ಪದೇ ಹೋದದ್ದು ರೋಗಿಯನ್ನು ಅವನ ಜನರಿಂದ ಕಿತ್ತುಕೊಳ್ಳುವುದನ್ನು. ಊರಿಗೆ ಊರೇ ಒಟ್ಟಾಗಿ ದೂರ ಹೋಗುವುದು ಬೇರೆ, ಒಬ್ಬನನ್ನು ಮಾತ್ರ ಎತ್ತಿಕೊಂಡು ಹೋಗಿ ಅವನು ಬದುಕಿದನೋ ಸತ್ತನೋ ತಿಳಿಯದಂತೆ ಮಾಡುವುದು ಬೇರೆ. ಎರಡನೆಯದರ ಭಯದಿಂದ ಜನ ಗೆಡ್ಡೆ ಎದ್ದ ರೋಗಿಯನ್ನು ಅಟ್ಟದಲ್ಲಿ ಬಚ್ಚಿಟ್ಟರು, ಸತ್ತವರನ್ನು ರಾತ್ರಿ ಗುಟ್ಟಾಗಿ ಹೂಳಿದರು. ರೋಗ ಇನ್ನಷ್ಟು ಹರಡಿತು. ಸರ್ಕಾರಕ್ಕೂ ಇದು ತಿಳಿಯಿತು. ಮುಂಬಯಿ, ಪುಣೆಗಳಲ್ಲಿ ಆಯಾ ಸಮುದಾಯದವರೇ ನಡೆಸುವ, ನಂಟರು ಜೊತೆಯಲ್ಲಿರಬಹುದಾದ ಪ್ಲೇಗ್ ಆಸ್ಪತ್ರೆಗಳಿಗೆ ಅನುಮತಿ ಸಿಕ್ಕಿತು. 1900ರ ಹೊತ್ತಿಗೆ ಬಲವಂತದ ಕ್ರಮಗಳು ಬಹುಪಾಲು ಸಡಿಲಗೊಂಡವು. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದವರಾದ ಎಸ್.ಎಲ್. ಭೈರಪ್ಪನವರ ಕಾದಂಬರಿ ‘ಗೃಹಭಂಗ’ 1970ರಲ್ಲಿ ಬಂದದ್ದು. ಅದರ ಪ್ಲೇಗಿನ ಭಾಗವನ್ನು ಓದಿದವರಿಗೆ ಈ ಸೀಮೆಯಲ್ಲಿ ಆ ರೋಗ ಎಷ್ಟು ಕಾಲ ಉಳಿಯಿತು, ಒಂದೇ ಮನೆಯಿಂದ ಎಷ್ಟನ್ನು ಕಿತ್ತುಕೊಂಡಿತು ಎಂದು ಗೊತ್ತು. ಲೇಖಕರು ತಮ್ಮ ಬಾಲ್ಯದಲ್ಲೇ ಮನೆಯವರನ್ನು ಪ್ಲೇಗಿಗೆ ಕಳೆದುಕೊಂಡವರು. ಪ್ಲೇಗಿನ ನೆನಪು ಅಲ್ಲಿ ಎರಡು ತಲೆಮಾರಿನದು, ಹೊರಗಿನ ಯಾವ ಉಪದೇಶಕ್ಕಿಂತಲೂ ಆಳವಾದದ್ದು.

ಇದಾದ ಮೇಲೆ ಆಸ್ಪತ್ರೆ ಈ ಕಡೆ ನೆಲೆಯೂರಿದ ಬಗೆ ನೋಡಿ. ತಾಲ್ಲೂಕು ಕೇಂದ್ರಗಳ ಡಿಸ್ಪೆನ್ಸರಿಗಳು, ಹಾಸನದಲ್ಲಿ ವೆಸ್ಲಿಯನ್ ಮಿಷನ್ ಹೆಂಗಸರು ಮಕ್ಕಳಿಗಾಗಿ ನಡೆಸಿದ ರೆಡ್‌ಫರ್ನ್ ಆಸ್ಪತ್ರೆ, ಸಕಲೇಶಪುರದಲ್ಲಿ ಕಾಫಿ ತೋಟದ ದೊರೆಯ ಹೆಸರು ಹೊತ್ತ ಕ್ರಾಫರ್ಡ್ ಆಸ್ಪತ್ರೆ. ಇಂಥ ಕಡೆ ಒಬ್ಬಳು ಬಾಣಂತಿ ಬಂದಳೆಂದರೆ ತಾಯಿ, ಅತ್ತೆ, ಚಿಕ್ಕ ಮಗು, ಪಾತ್ರೆ ಪಡಗ ಎಲ್ಲವೂ ಜೊತೆಗೆ ಬರುತ್ತಿತ್ತು. ಬೇರೆಯವರು ಬೇಯಿಸಿದ್ದನ್ನು ಉಣ್ಣದ ಕಾಲ ಅದು. ಆಸ್ಪತ್ರೆಯ ಅಂಗಳದಲ್ಲಿ ಮೂರು ಕಲ್ಲು ಹೂಡಿ ಗಂಜಿ ಬೇಯಿಸುವವರಿಗೆ ಜಾಗ ಕೊಡದಿದ್ದರೆ ರೋಗಿಯೇ ಬರುತ್ತಿರಲಿಲ್ಲ. ಭಾರತದ ಹಲವು ಮಿಷನ್ ಆಸ್ಪತ್ರೆಗಳು ಈ ಪಾಠವನ್ನು ಬೇಗ ಕಲಿತವು. ನರ್ಸುಗಳು ಕಡಿಮೆ ಇದ್ದ ಸರ್ಕಾರಿ ಆಸ್ಪತ್ರೆಗಳಿಗಂತೂ ಜೊತೆಗಾರರಿಲ್ಲದೆ ದಿನ ದೂಡುವುದೇ ಸಾಧ್ಯವಿರಲಿಲ್ಲ, ಇಂದಿಗೂ ಇಲ್ಲ. ರಕ್ತಪರೀಕ್ಷೆಯ ಚೀಟಿ ಹಿಡಿದು ಓಡುವವರು, ಮೆಡಿಕಲ್ ಶಾಪಿನಿಂದ ಔಷಧ ತರುವವರು, ಬೆಡ್ ಪ್ಯಾನ್ ಕೊಡುವವರು, ರಾತ್ರಿ ಡ್ರಿಪ್ ಮುಗಿಯಿತೆಂದು ಸಿಸ್ಟರನ್ನು ಎಬ್ಬಿಸುವವರು ಅವರೇ. ನೋಡಿಕೊಂಡು ಹೋಗಲು ಬಂದ ಹುಡುಗರೇ ರಕ್ತ ಕೊಡುತ್ತಾರೆ. 1910ರ ದಶಕದ ಕೊನೆಗೆ ಮೈಸೂರು, ಹಾಸನ, ಅರಸೀಕೆರೆಗಳನ್ನು ಕೂಡಿಸಿದ ರೈಲು, ಆಮೇಲೆ ಬಂದ ಬಸ್ಸುಗಳು ರೋಗಿಗಳನ್ನು ದೂರದ ದೊಡ್ಡಾಸ್ಪತ್ರೆಗೆ ಒಯ್ದಂತೆ ನೋಡಲು ಹೋಗುವವರನ್ನೂ ಒಯ್ದವು. ಅರಸೀಕೆರೆ ಜಂಕ್ಷನ್ನಿನಲ್ಲಿ ಕ್ಯಾರಿಯರ್ ಹಿಡಿದು ಹಾಸನದ ಗಾಡಿಗೆ ಕಾಯುವ ಹೆಂಗಸು ನಮ್ಮ ಆರೋಗ್ಯ ವ್ಯವಸ್ಥೆಯ ಸಂಬಳವಿಲ್ಲದ ಕೆಲಸಗಾರ್ತಿ.

ಈ ರೂಢಿಯನ್ನು ಹೊಗಳುವಾಗ ಅದರ ಕತ್ತಲನ್ನು ಮುಚ್ಚಿಡಬಾರದು. ಭಯ ಹೊಕ್ಕ ಕಡೆ ನಂಟಸ್ತನ ಹಿಂದೆ ಸರಿದಿದೆ. ಕುಷ್ಠ ಬಂದವರನ್ನು ಊರಾಚೆ ಇಟ್ಟದ್ದು ಸರ್ಕಾರದ ಆಜ್ಞೆಯಿಂದಲ್ಲ. ಕ್ಷಯ ಹಿಡಿದವರನ್ನು ನೋಡಲು ಹೋಗುವವರು ಕಡಿಮೆ ಇದ್ದರು. ಮೈಸೂರಿನ ಸ್ಯಾನಿಟೋರಿಯಂ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿ ಎದ್ದದ್ದು ಅರಮನೆಯನ್ನೂ ಆ ರೋಗ ಬಿಡದಿದ್ದುದಕ್ಕೆ. ಅಲ್ಲಿಗೆ ಸೇರಿದ ಬಡವನನ್ನು ಊರೇ ಮರೆತುಬಿಡುವುದಿತ್ತು. ಎಚ್‌ಐವಿ ಬಂದ ಮೊದಲ ವರ್ಷಗಳಲ್ಲಿ ಇದೇ ಮತ್ತೆ ನಡೆಯಿತು. ಜಾತಿಯೂ ಇದರೊಳಗಿದೆ: ಯಾರ ಮನೆಯ ರೋಗಿಯನ್ನು ಯಾರು ಹೋಗಿ ನೋಡುತ್ತಾರೆ ಎಂಬುದು ಕೇರಿಯ ಗೆರೆಯನ್ನು ಹೆಚ್ಚಾಗಿ ಅನುಸರಿಸಿಯೇ ಇತ್ತು. ಆರೈಕೆಯ ಭಾರ ಹೆಂಗಸರ ಮೇಲೆ, ಬಂದುಹೋಗುವ ಗೌರವ ಗಂಡಸರಿಗೆ ಎಂಬ ಹಂಚಿಕೆ ಇನ್ನೂ ಬದಲಾಗಿಲ್ಲ. ಬಾರದೇ ಹೋದವರ ಮೇಲೆ ವರ್ಷಗಟ್ಟಲೆ ಮುನಿಸು ಹಿಡಿಯುವುದೂ ಉಂಟು. ಇಷ್ಟೆಲ್ಲ ಕುಂದು ಇದ್ದರೂ ಇದಕ್ಕೆ ಬದಲಾಗಿ ನಾವು ಕಟ್ಟಿದ್ದು ಏನು ಎಂದು ಕೇಳಬೇಕಾಗುತ್ತದೆ. ಮದುವೆಯಲ್ಲಿ ಮುಯ್ಯಿ ಹಾಕುವಂತೆ ಆಸ್ಪತ್ರೆಯಲ್ಲಿ ಕೈಗಿಡುವ ದುಡ್ಡೂ ಹಳ್ಳಿಯ ಬಡ್ಡಿಯಿಲ್ಲದ ಸಾಲ. ಇವತ್ತು ನನಗೆ, ನಾಳೆ ನಿನಗೆ. 2003ರಲ್ಲಿ ಯಶಸ್ವಿನಿ ಯೋಜನೆ ಬಂತು, 2018ರಲ್ಲಿ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಬಂತು. ಇವು ಆಪರೇಷನ್ನಿನ ಬಿಲ್ಲು ಕಟ್ಟುತ್ತವೆ. ರೋಗಿಯ ಜೊತೆ ಇಪ್ಪತ್ತು ದಿನ ಹಾಸನದಲ್ಲೋ ಮೈಸೂರಿನಲ್ಲೋ ಬೀಳುವ ಹೆಂಡತಿಯ ಊಟ, ಬಸ್ ಚಾರ್ಜು, ನಿಂತುಹೋದ ಕೂಲಿ ಯಾವ ಕಾರ್ಡಿನಲ್ಲೂ ಬರುವುದಿಲ್ಲ. ಅದನ್ನು ಕಟ್ಟುತ್ತಿರುವವರು ಕಾರಿಡಾರಿನಲ್ಲಿ ಕುಳಿತ ಆ ಗುಂಪಿನವರು.

ಇನ್ನು ಮುಚ್ಚಿದ ಬಾಗಿಲಿನ ಇತಿಹಾಸ. ಐಸಿಯು ಎಂಬುದಕ್ಕೆ ಎಂಬತ್ತು ವರ್ಷವೂ ತುಂಬಿಲ್ಲ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ಪೋಲಿಯೊ ಹಾವಳಿ ಎದ್ದಿತು. ಉಸಿರಾಟದ ಸ್ನಾಯು ಸೋತ ರೋಗಿಗಳು ಸಾಲುಸಾಲಾಗಿ ಬಂದರು, ಯಂತ್ರಗಳು ಬೆರಳೆಣಿಕೆಯಷ್ಟು. ಅರಿವಳಿಕೆ ವೈದ್ಯ ಬ್ಯೋರ್ನ್ ಇಬ್ಸನ್ ಗಂಟಲಲ್ಲಿ ರಂಧ್ರ ಮಾಡಿ ನಳಿಕೆ ಇಟ್ಟು ಕೈಯಿಂದ ರಬ್ಬರ್ ಚೀಲ ಒತ್ತಿ ಗಾಳಿ ಕೊಡುವ ಉಪಾಯ ತೋರಿಸಿದರು. ಒತ್ತುವವರು ಯಾರು? ವೈದ್ಯಕೀಯ ವಿದ್ಯಾರ್ಥಿಗಳು, ನೂರಾರು ಮಂದಿ, ಪಾಳಿಯ ಮೇಲೆ, ಹಗಲೂ ರಾತ್ರಿ ಹಾಸಿಗೆಯ ಪಕ್ಕ ಕುಳಿತು ಒತ್ತಿದರು. ಮಕ್ಕಳಿಗೆ ಉಸಿರು ಕೊಡುತ್ತಲೇ ಕಥೆ ಓದಿ ಹೇಳಿದರು. ಮರುವರ್ಷ ಇಬ್ಸನ್ ಮೊದಲ ತೀವ್ರ ನಿಗಾ ಘಟಕವನ್ನು ತೆರೆದರು. ಅಂದರೆ ಈ ಘಟಕ ಹುಟ್ಟಿದ್ದು ರೋಗಿಯ ಪಕ್ಕದಲ್ಲಿ ಬಿಡದೆ ಕುಳಿತ ಒಬ್ಬ ಮನುಷ್ಯನ ಕೈಯಲ್ಲಿ. ಆಮೇಲೆ ಯಂತ್ರ ಆ ಕೈಯ ಜಾಗಕ್ಕೆ ಬಂತು, ಕುಳಿತವನು ಎದ್ದು ಹೋದ. ಭೇಟಿಯ ಸಮಯದ ನಿಯಮಗಳು ಬಂದದ್ದು ಬೇರೆ ಕಡೆಯಿಂದ, ಐಸಿಯುಗಿಂತ ಎಷ್ಟೋ ಹಿಂದಿನ ಇಂಗ್ಲೆಂಡಿನ ಧರ್ಮಾಸ್ಪತ್ರೆಗಳಿಂದ. ಅವು ಬಡವರಿಗಾಗಿ ಇದ್ದವು, ಉಳ್ಳವರು ಮನೆಯಲ್ಲೇ ಚಿಕಿತ್ಸೆ ಪಡೆಯುತ್ತಿದ್ದರು. ಬಡವನ ನಂಟರನ್ನು ವಾರಕ್ಕೆ ಒಂದೆರಡು ದಿನ ಗಂಟೆ ಹೊಡೆದು ಒಳಬಿಡುವುದು ವಾರ್ಡಿನ ಶಿಸ್ತಿನ ಅಂಗವಾಗಿತ್ತು. ಆ ಶಿಸ್ತನ್ನೇ ನಾವು ಕಟ್ಟಡದ ನಕ್ಷೆಯ ಜೊತೆ ತಂದುಕೊಂಡೆವು, ಕ್ರಿಮಿಗಳ ಭಯವನ್ನು ಅದಕ್ಕೆ ಹೊದಿಸಿದೆವು. ಇಂಗ್ಲೆಂಡು ಮಾತ್ರ ಅದನ್ನು ಬಿಟ್ಟು ಮುಂದೆ ಹೋಯಿತು. ಮಕ್ಕಳ ವಾರ್ಡಿಗೆ ತಾಯಂದಿರನ್ನು ಬಿಟ್ಟರೆ ಸೋಂಕು ಹರಡುತ್ತದೆ, ಮಕ್ಕಳು ಅಳುತ್ತವೆ ಎಂದು ಅಲ್ಲಿನ ಆಸ್ಪತ್ರೆಗಳು ದಶಕಗಳ ಕಾಲ ಹೇಳಿದವು. 1959ರ ಪ್ಲಾಟ್ ವರದಿ ಆ ವಾದವನ್ನು ತಳ್ಳಿಹಾಕಿ ತಂದೆ ತಾಯಿಗೆ ಯಾವಾಗ ಬೇಕಾದರೂ ಬರಲು ಬಿಡಬೇಕೆಂದಿತು. ತಾಯಿಯನ್ನು ಹೊರಗೆ ನಿಲ್ಲಿಸುವ ಮಕ್ಕಳ ವಾರ್ಡನ್ನು ಇಂದು ಅಲ್ಲಿ ಯಾರೂ ಸಮರ್ಥಿಸುವುದಿಲ್ಲ.

ಸೋಂಕಿನ ಆಕ್ಷೇಪ ಎಲ್ಲಕ್ಕಿಂತ ಗಟ್ಟಿಯಾದದ್ದು, ಆದ್ದರಿಂದ ಅದಕ್ಕೆ ಗಟ್ಟಿಯಾದ ಉತ್ತರವೇ ಬೇಕು. ದೇಹದ ರಕ್ಷಣೆ ಕುಸಿದ ರೋಗಿ, ಮೈತುಂಬ ನಳಿಕೆಗಳು, ಹೊಲದಿಂದ ನೇರವಾಗಿ ಬಂದ ಹತ್ತು ಜನ: ಅಪಾಯವಲ್ಲವೇ? ಇಟಲಿಯ ಫ್ಲಾರೆನ್ಸಿನ ಹೃದಯ ಐಸಿಯು ಒಂದರಲ್ಲಿ ಇದನ್ನೇ ಪರೀಕ್ಷಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಎರಡು ತಿಂಗಳು ಬಿಗಿ ನಿಯಮ, ಎರಡು ತಿಂಗಳು ಮುಕ್ತ ಭೇಟಿ ಎಂದು ಅದಲು ಬದಲು ಮಾಡಿ 226 ರೋಗಿಗಳನ್ನು ಗಮನಿಸಿದರು. ಮುಕ್ತ ಭೇಟಿಯ ಅವಧಿಯಲ್ಲಿ ಕೋಣೆಯ ಪರಿಸರದಲ್ಲಿ ಸೂಕ್ಷ್ಮಜೀವಿಗಳು ಹೆಚ್ಚಿದ್ದವು, ನಿಜ. ಆದರೆ ರೋಗಿಗಳಿಗೆ ಸೋಂಕು ಹೆಚ್ಚಲಿಲ್ಲ. ಹೃದಯ ಸಂಬಂಧಿ ತೊಡಕುಗಳಂತೂ ಬಿಗಿ ನಿಯಮದ ಅವಧಿಯಲ್ಲೇ ಹೆಚ್ಚಾಗಿದ್ದವು. 2019ರಲ್ಲಿ ಬ್ರೆಜಿಲಿನ 36 ಐಸಿಯುಗಳ ದೊಡ್ಡ ಅಧ್ಯಯನ ಬಂತು. ಅಲ್ಲಿ ಒಂದು ಗುಂಪಿಗೆ ದಿನಕ್ಕೆ 12 ಗಂಟೆಯವರೆಗೂ ಮನೆಯವರು ಇರಬಹುದಿತ್ತು. ರೋಗಿಗಳ ಚಿತ್ತಭ್ರಮೆ ಗಣನೀಯವಾಗಿ ಇಳಿಯಲಿಲ್ಲ ಎಂಬುದನ್ನು ಒಪ್ಪಬೇಕು, ಸಂಶೋಧಕರು ನಿರೀಕ್ಷಿಸಿದ್ದು ಆ ಇಳಿಕೆಯನ್ನೇ. ಆದರೆ ಸೋಂಕು ಹೆಚ್ಚಲಿಲ್ಲ, ಸಿಬ್ಬಂದಿಯ ಬಳಲಿಕೆ ಹೆಚ್ಚಲಿಲ್ಲ, ಮನೆಯವರ ಆತಂಕ, ಖಿನ್ನತೆ ಕಡಿಮೆಯಾದವು. ಐಸಿಯುಗಳಲ್ಲಿ ಸೋಂಕು ರೋಗಿಯಿಂದ ರೋಗಿಗೆ ಹೋಗುವ ಮುಖ್ಯ ದಾರಿ ಆರೈಕೆ ಮಾಡುವವರ ತೊಳೆಯದ ಕೈ. ಒಬ್ಬ ರೋಗಿಯನ್ನು ಮಾತ್ರ ಮುಟ್ಟುವ ಮಗಳ ಕೈಯನ್ನು ತೊಳೆಸುವುದು ಕಷ್ಟದ ಕೆಲಸವಲ್ಲ. ಕೊರೊನಾದಂಥ ಕಾಲ ಬೇರೆ. ಆಗ ಬಾಗಿಲು ಮುಚ್ಚಬೇಕಾಯಿತು, ಮುಚ್ಚಿದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಆದರೆ 2020, 2021ರಲ್ಲಿ ಜನ ಅನುಭವಿಸಿದ್ದು ಪ್ಲೇಗಿನ ಕಾಲದ ಅದೇ ಸಂಕಟ. ಆಂಬುಲೆನ್ಸಿನಲ್ಲಿ ಹೋದವರು ಮತ್ತೆ ಕಾಣಲಿಲ್ಲ, ಆಸ್ಪತ್ರೆಗೆ ಹೋದರೆ ವಾಪಸು ಬರುವುದಿಲ್ಲ ಎಂಬ ಭಯದಿಂದ ಮನೆಯಲ್ಲೇ ಉಳಿದು ತಡವಾಗಿ ಬಂದವರು ಅನೇಕರು. ಅಸಾಧಾರಣ ಕಾಲದ ನಿಯಮವನ್ನು ಸಾಧಾರಣ ಕಾಲಕ್ಕೂ ಉಳಿಸಿಕೊಳ್ಳುವುದಕ್ಕೆ ಅದು ಸಮರ್ಥನೆ ಆಗುವುದಿಲ್ಲ.

ಎರಡನೆಯ ಆಕ್ಷೇಪ ನರ್ಸುಗಳದ್ದು, ಅದನ್ನು ಗೌರವದಿಂದ ಕೇಳಬೇಕು. ಟೆಂಪೋ ತುಂಬ ಜನ ಬಂದು ಒಬ್ಬೊಬ್ಬರೂ ಅದೇ ಪ್ರಶ್ನೆ ಕೇಳಿದರೆ ಆಕೆ ಕೆಲಸ ಮಾಡುವುದು ಯಾವಾಗ? ಪಕ್ಕದ ಹಾಸಿಗೆಯವರ ಮಾನ ಕಾಯುವುದು ಹೇಗೆ? ಸಾವು ಸಂಭವಿಸಿದಾಗ ರೊಚ್ಚಿಗೆದ್ದ ಗುಂಪು ಡಾಕ್ಟರ ಮೇಲೆ ಕೈಮಾಡಿದ ಪ್ರಸಂಗಗಳು ನಮ್ಮಲ್ಲಿ ನಡೆದಿವೆ, ಅದಕ್ಕೆಂದೇ ಕರ್ನಾಟಕ 2009ರಲ್ಲಿ ಕಾಯಿದೆ ತಂದಿದೆ. ಈ ಆಕ್ಷೇಪದ ಅರ್ಧ ಭಾಗ ಪೂರ್ತಿ ಸರಿ. ಬಂದವರೆಲ್ಲ ಹಾಸಿಗೆಯ ಬಳಿ ಹೋಗಬೇಕಿಲ್ಲ. ಬಂದವರೂ ಅದನ್ನು ಕೇಳುವುದಿಲ್ಲ, ಬಂದದ್ದು ಮನೆಯವರಿಗೆ ತಿಳಿದರೆ ಅವರಿಗೆ ಸಾಕು. ಆದರೆ ಹಲ್ಲೆಗಳ ಹಿಂದಿನ ಕಾರಣಗಳಲ್ಲಿ ಅನುಮಾನ ದೊಡ್ಡದು. ಒಳಗೆ ಏನು ನಡೆಯಿತೆಂದು ಕಾಣದವನು ಏನನ್ನಾದರೂ ನಂಬುತ್ತಾನೆ: ಸತ್ತ ಮೇಲೂ ವೆಂಟಿಲೇಟರ್ ಹಾಕಿ ಬಿಲ್ಲು ಏರಿಸಿದರು ಎಂಬ ಮಾತು ಹಳ್ಳಿ ಹಳ್ಳಿಯಲ್ಲಿ ಓಡಾಡುವುದು ಅದಕ್ಕೇ. ನಾಲ್ಕು ದಿನ ಪಕ್ಕದಲ್ಲಿ ಕುಳಿತು ವೈದ್ಯರ, ನರ್ಸುಗಳ ಪರದಾಟವನ್ನು ಕಣ್ಣಾರೆ ಕಂಡ ಮಗನೇ ಐದನೆಯ ದಿನ ಹೊರಗಿನ ಗುಂಪನ್ನು ಸಮಾಧಾನ ಮಾಡಬಲ್ಲವನು. ಅವನನ್ನು ಹೊರಗಿಟ್ಟ ಆಸ್ಪತ್ರೆ ತನ್ನ ಪರವಾಗಿ ಮಾತಾಡಬಲ್ಲ ಒಬ್ಬನೇ ಸಾಕ್ಷಿಯನ್ನು ಕಳೆದುಕೊಳ್ಳುತ್ತದೆ. ಕಾಣದ್ದನ್ನು ಜನ ಸುಲಭವಾಗಿ ನಂಬುವುದಿಲ್ಲ ಎಂಬುದಕ್ಕೆ ಹತ್ತಿರದ ಉದಾಹರಣೆಯೇ ಇದೆ. 2025ರ ಜೂನ್, ಜುಲೈನಲ್ಲಿ ಹಾಸನ ಜಿಲ್ಲೆಯ ಹಠಾತ್ ಹೃದಯಾಘಾತದ ಸಾವುಗಳು ರಾಜ್ಯವನ್ನೇ ಬೆಚ್ಚಿಸಿದವು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಜನ ಸಾಲುಗಟ್ಟಿದರು. ಸರ್ಕಾರ ನೇಮಿಸಿದ ತಜ್ಞರ ಸಮಿತಿ ಅಸಹಜ ಏರಿಕೆ ಕಂಡಿಲ್ಲ ಎಂದು ವರದಿ ಕೊಟ್ಟಿತು. ಆದರೂ ಭಯ ಬೇಗ ಇಳಿಯಲಿಲ್ಲ. ಜನ ವರದಿಗಿಂತ ಕಂಡದ್ದನ್ನು, ಕಂಡವರು ಹೇಳಿದ್ದನ್ನು ನಂಬುತ್ತಾರೆ.

ಬಾಗಿಲು ತೆರೆಯುವುದಕ್ಕೆ ಇದೆಲ್ಲಕ್ಕಿಂತ ತೂಕದ ಕಾರಣ ಇನ್ನೊಂದಿದೆ. ಗುಣವಾಗುವ ಆಸೆ ಇಲ್ಲದ ರೋಗಿಗೆ ಜೀವಾಧಾರ ಯಂತ್ರಗಳನ್ನು ನಿಲ್ಲಿಸುವ ಬಗ್ಗೆ ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪು ಕೊಟ್ಟು 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. 2025ರ ಜನವರಿಯಲ್ಲಿ ಕರ್ನಾಟಕ ಅದನ್ನು ಜಾರಿಗೊಳಿಸುವ ಆದೇಶ ಹೊರಡಿಸಿತು. ಎರಡು ಹಂತದ ವೈದ್ಯರ ಮಂಡಳಿಗಳ ಜೊತೆಗೆ ಹತ್ತಿರದ ಸಂಬಂಧಿಕರ ಒಪ್ಪಿಗೆಯೂ ಅದರಲ್ಲಿ ಬೇಕು. ಯೋಚಿಸಿ ನೋಡಿ: ಹಳೇಬೀಡಿನ ಪಕ್ಕದ ಹಳ್ಳಿಯ ಒಬ್ಬ ಹೆಂಗಸು, ದಿನಕ್ಕೆ ಹತ್ತು ನಿಮಿಷ ಮಾತ್ರ ಗಂಡನ ಮುಖ ನೋಡಿದವಳು, ಯಾವ ನಳಿಕೆ ಯಾವುದಕ್ಕೆಂದು ಯಾರಿಂದಲೂ ಕೇಳಿ ತಿಳಿಯದವಳು, ಅವನನ್ನು ಹೋಗಲು ಬಿಡಿ ಎಂದು ಸಹಿ ಹಾಕಬೇಕು. ಇಷ್ಟು ದೊಡ್ಡ ಮಾತನ್ನು ಕಾನೂನು ಆಕೆಯಿಂದ ಕೇಳುವುದಾದರೆ, ಅದನ್ನು ಹೇಳಲು ಬೇಕಾದ ಹೊತ್ತನ್ನೂ ನೋಟವನ್ನೂ ಆಸ್ಪತ್ರೆ ಆಕೆಗೆ ಕೊಡಲೇಬೇಕು. ಮಾಚಿಕಬ್ಬೆಗೆ ಬಂಧುಗಳನ್ನು ಬೀಳ್ಕೊಳ್ಳಲು ಒಂದು ತಿಂಗಳು ಸಿಕ್ಕಿತ್ತು.

ಆಗಬೇಕಾದ್ದು ದೊಡ್ಡದೇನಲ್ಲ. ಪ್ರತಿ ರೋಗಿಗೆ ಮನೆಯವರು ಆರಿಸಿದ ಒಬ್ಬರು, ಪಾಳಿ ಬದಲಿಸಿಕೊಂಡು, ಹಗಲಿನ ಬಹುಪಾಲು ಹೊತ್ತು ಹಾಸಿಗೆಯ ಪಕ್ಕದಲ್ಲಿರಲಿ. ಕೈ ತೊಳೆಯುವುದನ್ನು, ಏನನ್ನು ಮುಟ್ಟಬಾರದೆಂಬುದನ್ನು ಅವರಿಗೆ ಕನ್ನಡದಲ್ಲಿ ಕಲಿಸಲಿ. ಯಂತ್ರಗಳ ಕೆಲಸ ನಡೆಯುವಾಗ ಹೊರಗೆ ಹೋಗಿ ಎಂದರೆ ಅವರು ಹೋಗುತ್ತಾರೆ. ದಿನಕ್ಕೊಮ್ಮೆ ನಿಗದಿತ ಹೊತ್ತಿಗೆ ಡಾಕ್ಟರು ಕುಳಿತು ಮನೆಯವರೊಡನೆ ಮಾತಾಡಲಿ. ದೂರದಿಂದ ಬಂದ ಉಳಿದವರಿಗೆ ನೆರಳು, ನೀರು, ಶೌಚಾಲಯ, ಬೆಂಚು ಇರುವ ಒಂದು ಕೋಣೆ ಇರಲಿ. ಹಾಸನದ ವೈದ್ಯಕೀಯ ಕಾಲೇಜು 2006ರಿಂದ ನಡೆಯುತ್ತಿದೆ. ಅಲ್ಲಿ ಕಲಿಯುವ ಮಕ್ಕಳಿಗೆ ರೋಗಿಯ ನಾಡಿಯ ಜೊತೆ ರೋಗಿಯ ಜನರೊಡನೆ ಮಾತಾಡುವುದನ್ನೂ ಕಲಿಸಬಹುದು. ನೋಡಲು ಹೋಗುವವರಿಗೂ ಒಂದು ವಿನಂತಿ: ಹತ್ತು ಮಂದಿ ಒಂದೇ ದಿನ ಹೋಗುವ ಬದಲು ದಿನಕ್ಕೊಬ್ಬರಂತೆ ಹೋಗಿ, ಜೊತೆಗಿರುವ ಹೆಂಗಸನ್ನು ಒಂದು ರಾತ್ರಿ ಮನೆಗೆ ಕಳಿಸಿ ಆಕೆಯ ಜಾಗದಲ್ಲಿ ನೀವು ಕುಳಿತುಕೊಳ್ಳಿ, ಗಂಡಸರೇ ಆದರೂ ಸರಿ. ಆಸ್ಪತ್ರೆಗಳನ್ನು ನಡೆಸುವವರು ಪ್ಲೇಗಿನ ಕಾಲದ ದಾಖಲೆಗಳನ್ನು ಒಮ್ಮೆ ತೆಗೆದು ಓದಲಿ. ನಂಟರನ್ನು ಒಳಗೆ ಬಿಟ್ಟದ್ದರಿಂದ ಆಸ್ಪತ್ರೆ ಕೆಟ್ಟಿತೆಂದು ಅಲ್ಲಿ ಬರೆದಿಲ್ಲ.